ಒಳಪೆಟ್ಟು

ನಮ್ಮಜ್ಜಿ ಚನ್ನರಾಯಪಟ್ಟಣದ ಸಂತೆಯಲ್ಲಿ ಮಡಕೆ ಕೊಳ್ಳೋದನ್ನು ನೀವು ನೋಡಬೇಕಿತ್ತು. ಮಡಕೆಯ ಬಣ್ಣ ನೋಡ್ತಿರಲಿಲ್ಲ, ಅಂದ ನೋಡ್ತಿರಲಿಲ್ಲ. ಎಡಗೈಯಲ್ಲಿ ಬಾಯಿ ಹಿಡಿದು ಎತ್ತಿ, ಬಲಗೈ ಬೆರಳಿನ ಗೆಣ್ಣಿನಿಂದ ಹೊಟ್ಟೆಗೆ ಟಣ್ ಅಂತ ಒಂದೇಟು. ದನಿ ಕಂಚಿನ ಹಾಗೆ ಬಂದರೆ ಬುಟ್ಟಿಗೆ, ಒಡಕು ದನಿ ಬಂದರೆ ವಾಪಸ್. ಕುಂಬಾರರು "ಎಲ್ಲವ್ವ ಬಿರುಕು, ತೋರ್ಸು ನೋಡನ" ಅಂತ ಜಗಳಕ್ಕೆ ಬಂದರೆ ಅಜ್ಜಿ, "ಕಣ್ಣಿಗೆ ಕಂಡ್ರೆ ತಟ್ಟಿ ಯಾಕೆ ನೋಡ್ತಿದ್ದೆ" ಅಂತ ಮುಂದಕ್ಕೆ ಹೋಗ್ತಿತ್ತು. ತೆಂಗಿನಕಾಯಿಗೂ ಅದೇ ಪರೀಕ್ಷೆ. ನಮ್ಮ ಬಾಗೂರಿನ ಕಡೆ ಅಟ್ಟದಲ್ಲಿ ಹನ್ನೊಂದು ತಿಂಗಳು ಒಣಗಿಸಿದ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳೋರು ಈಗಲೂ ಇದ್ದಾರೆ.

ಈ ಅಜ್ಜಿಯ ವಿದ್ಯೆಗೆ ವಿಮಾನದ ಕಾರ್ಖಾನೆಗಳಲ್ಲಿ ಒಂದು ಹೆಸರಿದೆ ಅಂತ ಗೊತ್ತಾಗಿದ್ದು ನಾನು ಬಿಇ ಮುಗಿಸಿ ಬೆಂಗಳೂರು ಸೇರಿ ಮೂರು ವರ್ಷ ಆದಮೇಲೆ. ಅಲ್ಲಿ ಇದಕ್ಕೆ ಕಾಯಿನ್ ಟ್ಯಾಪ್ ಟೆಸ್ಟ್ ಅನ್ನುತ್ತಾರೆ. ನಾಣ್ಯದಿಂದ ತಟ್ಟಿ ದನಿ ಕೇಳೋದು, ಅಷ್ಟೇ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ವಿಮಾನಕ್ಕೂ ನನಗೂ ಸಂಬಂಧ ಇರಲಿಲ್ಲ. ಆಗ ಇದ್ದ ಕಂಪನಿಗೆ ವಿದೇಶಿ ಗಿರಾಕಿಯೊಬ್ಬರು ಅಲ್ಟ್ರಾಸೌಂಡ್ ಚಿತ್ರಗಳನ್ನು ಓದುವ ಸಾಫ್ಟ್‌ವೇರ್ ಕೆಲಸ ಕೊಟ್ಟಿದ್ದರು. ಗರ್ಭಿಣಿಯರಿಗೆ ಮಾಡ್ತಾರಲ್ಲ, ಅದೇ ಅಲ್ಟ್ರಾಸೌಂಡು, ಇಲ್ಲಿ ವಿಮಾನದ ರೆಕ್ಕೆಗೆ. ಮೊದಲ ದಿನ ತರಬೇತಿಗೆ ಬಂದವರು ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾದ ಎರಡು ಕಪ್ಪು ಹಲಗೆಗಳನ್ನು ಫ್ರೇಮಿಗೆ ಕೂರಿಸಿ ಮೇಜಿನ ಮೇಲಿಟ್ಟರು. ಎರಡೂ ಕಾರ್ಬನ್ ಫೈಬರಿನವು, 4 ಮಿಲಿಮೀಟರ್ ದಪ್ಪ. ಹಿಂಬದಿ ಕಾಣುವಂತಿಲ್ಲ, ಯಾಕೆಂದರೆ ರೆಕ್ಕೆಯ ಹಿಂಬದಿಯೂ ಯಾರಿಗೂ ಕಾಣೋದಿಲ್ಲ. "ಒಂದಕ್ಕೆ ಪೆಟ್ಟು ಬಿದ್ದಿದೆ, ಯಾವುದು ಹೇಳಿ" ಅಂದರು. ಹತ್ತು ಜನ ಇಂಜಿನಿಯರುಗಳು ಬಗ್ಗಿ ಬಗ್ಗಿ ನೋಡಿದೆವು. ಅರ್ಧಕ್ಕರ್ಧ ಜನ ತಪ್ಪು ಹೇಳಿದರು, ನಾನೂ ಸೇರಿ. ಆಮೇಲೆ ಒಂದು ರೂಪಾಯಿ ನಾಣ್ಯ ತೆಗೆದುಕೊಂಡು ತಟ್ಟಿದರು. ಒಂದು ಹಲಗೆ ಟಕ್ ಟಕ್ ಅಂತು. ಇನ್ನೊಂದು ನಡುವಿನಲ್ಲಿ ದೊಬ್ ಅಂತು. ನನಗೆ ಸಂತೆ ನೆನಪಾಯಿತು.

ಹಲಗೆಗೆ ಬಿದ್ದಿದ್ದ ಪೆಟ್ಟು ದೊಡ್ಡದೇನಲ್ಲ. ಐದೂವರೆ ಕೆಜಿ ತೂಕವನ್ನು ಅರ್ಧ ಮೀಟರ್ ಎತ್ತರದಿಂದ ಬಿಟ್ಟಿದ್ದರು, ಲೆಕ್ಕದಲ್ಲಿ ಸುಮಾರು 27 ಜೂಲು. ನಮ್ಮೂರಿನಲ್ಲಿ ಐವತ್ತು ಅಡಿ ಮರದಿಂದ ಒಂದು ಕೆಜಿಯ ಕಾಯಿ ಬಿದ್ದರೆ ಇದರ ಐದು ಪಟ್ಟಾಗುತ್ತೆ. ಒಬ್ಬ ಮೆಕ್ಯಾನಿಕ್ ಏಣಿ ಮೇಲಿಂದ ಸುತ್ತಿಗೆ ಕೈಜಾರಿಸಿದರೂ ಹೆಚ್ಚೂ ಕಡಿಮೆ ಇದರ ಹತ್ತಿರಕ್ಕೆ ಬರುತ್ತೆ. ಮೇಲ್ಮೈಯಲ್ಲಿ ಉಳಿದಿದ್ದು ಅರ್ಧ ಮಿಲಿಮೀಟರಿಗೂ ಕಡಿಮೆ ಆಳದ ಒಂದು ತಗ್ಗು. ಒಳಗೆ ಏನಾಗಿದೆ ಅಂತ ಅಲ್ಟ್ರಾಸೌಂಡಿನಲ್ಲಿ ತೋರಿಸಿದಾಗ ಮಾತ್ರ ಎಲ್ಲರೂ ಸುಮ್ಮನಾದೆವು. ಮೇಲೆ ಕಾಳಿನಷ್ಟು ಗುರುತು, ಒಳಗೆ ನಿಂಬೆಹಣ್ಣಿನ ಅಗಲದ ಗಾಯ.

ಜನರಿಗೆ ಈ ಥರದ ಗಾಯ ಆದಾಗ ನಮ್ಮ ಕಡೆ ಒಳಪೆಟ್ಟು ಅನ್ನುತ್ತಾರೆ. ಇಂಗ್ಲಿಷಿನವರು ಇದಕ್ಕೆ ಬೇರ್ಲಿ ವಿಸಿಬಲ್ ಇಂಪ್ಯಾಕ್ಟ್ ಡ್ಯಾಮೇಜ್ ಅಂತ ಉದ್ದದ ಹೆಸರಿಟ್ಟು ಅದನ್ನು ಬಿವಿಐಡಿ ಅಂತ ಮೊಟಕು ಮಾಡಿಕೊಂಡಿದ್ದಾರೆ. ನಾನು ಒಳಪೆಟ್ಟು ಅಂತಲೇ ಬರೀತೀನಿ.

ಇದರ ಕತೆಗೆ ಬರೋಕೆ ಮೊದಲು ಲೋಹದ ಕತೆ ಸ್ವಲ್ಪ ಹೇಳಬೇಕು. ಒಂದು ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯೋದಿಲ್ಲ, ಇಪ್ಪತ್ತು ಸಲ ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತೆ. ಲೋಹ ದಣಿಯುತ್ತೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸ್‌ಗೆ ಹೊರಟ ರೈಲಿನ ಇಂಜಿನ್ ಆಕ್ಸಲ್ ಮುರಿದು, ಬೆಂಕಿ ಹತ್ತಿ, 50ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ದಿನ ಚೆನ್ನಾಗಿಯೇ ಓಡಿದ ಆಕ್ಸಲ್ ಅವತ್ತು ಯಾಕೆ ಮುರೀತು ಅನ್ನೋ ಪ್ರಶ್ನೆ ಅಲ್ಲಿಂದ ಶುರುವಾಯಿತು. ಜರ್ಮನಿಯ ಆಗಸ್ಟ್ ವೋಲರ್ 1850ರ ದಶಕದಿಂದ ಹತ್ತಾರು ವರ್ಷ ಕೂತು ಆಕ್ಸಲ್‌ಗಳನ್ನು ತಿರುಗಿಸಿ ತಿರುಗಿಸಿ ಮುರಿದು, ಎಷ್ಟು ಭಾರಕ್ಕೆ ಎಷ್ಟು ಸುತ್ತು ಬಾಳುತ್ತೆ ಅಂತ ಲೆಕ್ಕ ಬರೆದಿಟ್ಟ. ಆದರೂ ವಿಮಾನದವರು ಪಾಠ ಕಲಿತಿದ್ದು ನೂರು ವರ್ಷ ಆದಮೇಲೆ. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್‌ಗಳು ಇಟಲಿಯ ಹತ್ತಿರ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟ್ಟನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒತ್ತಡ ಕೊಟ್ಟು ಬಿಟ್ಟು ಮಾಡಿದಾಗ, ಅದು ಹಿಂದೆ ಹಾರಿದ್ದೂ ಸೇರಿ 3057ನೇ ಸುತ್ತಿಗೆ ಬಾಯಿಬಿಟ್ಟಿತು.

ಅಲ್ಲಿಂದ ಲೋಹದ ದಣಿವು ಅನ್ನೋದು ಒಂದು ದೊಡ್ಡ ಶಾಸ್ತ್ರವಾಯಿತು. ಅದನ್ನು ಬೆಂಗಳೂರಿಗೆ ತಂದವರಲ್ಲಿ ಮುಖ್ಯರು ಡಾ. ಎಸ್.ಆರ್. ವಲ್ಲೂರಿ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ದಣಿವಿನ ಮೇಲೆಯೇ ಕೆಲಸ ಮಾಡಿದ್ದವರು, 1965ರಿಂದ 1984ರವರೆಗೆ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯ ನಿರ್ದೇಶಕರಾಗಿದ್ದರು. 1959ರಲ್ಲಿ ದೆಹಲಿಯಲ್ಲಿ ಶುರುವಾಗಿ ಮರುವರ್ಷವೇ ಬೆಂಗಳೂರಿಗೆ ಬಂದ ಸಂಸ್ಥೆ ಅದು. ಈಗ ಹೆಸರಿನ ನಡುವೆ ಏರೋಸ್ಪೇಸ್ ಅಂತಾಗಿದೆ, ಎಲ್ಲರ ಬಾಯಲ್ಲೂ ಎನ್‌ಎಎಲ್. ಕೋಡಿಹಳ್ಳಿಯಲ್ಲೊಂದು, ಬೇಲೂರಿನಲ್ಲೊಂದು ಕ್ಯಾಂಪಸ್. ಬೇಲೂರು ಅಂದ ತಕ್ಷಣ ಹಾಸನದವರು ಹಿಗ್ಗಬೇಡಿ, ಅದು ಬೆಂಗಳೂರಿನೊಳಗಿನ ಬೇಲೂರು. ನಾನೂ ಮೊದಲ ಸಲ ಬೋರ್ಡು ನೋಡಿ ಬಸ್ಸಿನಲ್ಲಿ ಎದ್ದು ನಿಂತಿದ್ದೆ.

ಈ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೊಸ ವಸ್ತುವೊಂದು ಬಂದಿತ್ತು. ಅದೇ ಫಾರ್ನ್‌ಬರೋದವರು 1960ರ ದಶಕದ ನಡುವಿನಲ್ಲಿ ಕೂದಲಿಗಿಂತ ತೆಳುವಾದ, ಉಕ್ಕಿನಷ್ಟು ಗಟ್ಟಿಯಾದ ಕಾರ್ಬನ್ ಎಳೆ ಮಾಡಿದರು. ಎಳೆಗಳನ್ನು ಒಂದೇ ದಿಕ್ಕಿಗೆ ಹಾಸಿ, ಎಪಾಕ್ಸಿ ಅಂಟಿನಲ್ಲಿ ನೆನೆಸಿದರೆ ಒಂದು ಪದರ. ಒಂದರ ಮೇಲೊಂದು ಪದರ, ಪ್ರತಿ ಪದರದ ದಿಕ್ಕು ಬೇರೆ. ಇಡೀ ಕಂತೆಯನ್ನು ಆಟೋಕ್ಲೇವ್‌ನಲ್ಲಿ, ಅಂದರೆ ಕೋಣೆಯಷ್ಟು ದೊಡ್ಡ ಪ್ರೆಷರ್ ಕುಕ್ಕರಿನಲ್ಲಿ, 180 ಡಿಗ್ರಿಯ ಹತ್ತಿರಕ್ಕೆ ಬೇಯಿಸಿದರೆ ಕಾಂಪೋಸಿಟ್ ಸಿದ್ಧ. ಇದರ ಹಿಂದಿನ ಬುದ್ಧಿ ನಮಗೆ ಹೊಸದಲ್ಲ. ಮಣ್ಣಿಗೆ ಹುಲ್ಲು ಕಲಸಿ ಗೋಡೆ ಕಟ್ಟಿದವರು, ಬಿದಿರಿನ ವಾಡೆಗೆ ಸಗಣಿ ಮೆತ್ತಿ ರಾಗಿ ತುಂಬಿದವರು ನಾವು. ಎಳೆ ಎಳೆತ ತಡೀತದೆ, ಮೆತ್ತಿದ್ದು ಎಳೆಯನ್ನು ಹಿಡಿದುಕೊಂಡಿರುತ್ತೆ.

ಅಲ್ಯೂಮಿನಿಯಂಗಿಂತ ಹಗುರ, ತುಕ್ಕು ಹಿಡಿಯಲ್ಲ, ಎಲ್ಲಕ್ಕಿಂತ ದೊಡ್ಡದು, ಎಳೆದೆಳೆದು ಬಿಟ್ಟರೂ ಲೋಹದಷ್ಟು ಬೇಗ ದಣಿಯಲ್ಲ. ವೋಲರನ ಕಾಲದಿಂದ ಕಾಡಿದ ದೆವ್ವ ಬಿಟ್ಟೇಹೋಯ್ತು ಅಂದುಕೊಂಡರು ಜನ.

ಮೊದಲ ಪೆಟ್ಟು ಕೊಟ್ಟಿದ್ದು ಒಂದು ಕೋಳಿ. ರೋಲ್ಸ್ ರಾಯ್ಸ್‌ನವರು ಆರ್‌ಬಿ211 ಅನ್ನೋ ಹೊಸ ಇಂಜಿನ್ನಿಗೆ ಕಾರ್ಬನ್ ಫೈಬರಿನ ಫ್ಯಾನ್ ಬ್ಲೇಡು ಮಾಡಿದರು. ಹೆಸರು ಹೈಫಿಲ್. ಹಾರುವಾಗ ಹಕ್ಕಿ ಬಡಿದರೆ ತಡೆಯುತ್ತಾ ಅಂತ ನೋಡೋಕೆ ಸತ್ತ ಕೋಳಿಯನ್ನು ಫಿರಂಗಿಯಿಂದ ಇಂಜಿನ್ನಿಗೆ ಹೊಡೆಯೋದು ವಾಡಿಕೆ. 1970ರಲ್ಲಿ ಹಾಗೆ ಹೊಡೆದಾಗ ಬ್ಲೇಡುಗಳು ಚೂರಾದವು. ಮತ್ತೆ ಟೈಟಾನಿಯಂಗೆ ಹೋಗಬೇಕಾಯಿತು. 1971ರ ಫೆಬ್ರವರಿ 4ರಂದು ರೋಲ್ಸ್ ರಾಯ್ಸ್ ದಿವಾಳಿಯಾಗಿ ಸರ್ಕಾರದ ಕೈಗೆ ಬಂತು. ಕೋಳಿಯೊಂದೇ ಕಾರಣ ಅಂದರೆ ತಪ್ಪಾಗುತ್ತೆ, ಖರ್ಚು ಮೊದಲೇ ಕೈಮೀರಿತ್ತು. ಆದರೆ ಈ ವಸ್ತುವಿಗೆ ಎಳೆದರೆ ತೊಂದರೆಯಿಲ್ಲ, ಹೊಡೆದರೆ ತೊಂದರೆ ಅನ್ನೋದು ಅಷ್ಟೊತ್ತಿಗೆ ಎಲ್ಲರಿಗೂ ಗೊತ್ತಾಯಿತು.

ಕೋಳಿಯದ್ದಾದರೂ ಕಣ್ಣಿಗೆ ಕಾಣುವ ಪೆಟ್ಟು, ಚೂರಾಯಿತು, ಮುಗೀತು. ನಿಜವಾದ ಕಷ್ಟ ಚೂರಾಗದೆ ಉಳಿಯೋದು. ಅಲ್ಯೂಮಿನಿಯಂ ತಟ್ಟೆಗೆ ಸ್ಪ್ಯಾನರ್ ಬಿದ್ದರೆ ತಟ್ಟೆ ತಗ್ಗಾಗುತ್ತೆ, ಆ ತಗ್ಗೇ ಚಾಡಿ ಹೇಳುತ್ತೆ. ಕಾರ್ಬನ್ ಹಲಗೆ ಬಗ್ಗಿ, ಪೆಟ್ಟು ನುಂಗಿ, ಮತ್ತೆ ನೆಟ್ಟಗಾಗಿಬಿಡುತ್ತೆ. ನುಂಗಿದ್ದು ಎಲ್ಲಿ ಹೋಯ್ತು? ಪದರ ಪದರದ ನಡುವೆ ಎಳೆಯಿಲ್ಲ, ಬರೀ ಅಂಟು. ಅಲ್ಲಿ ಬಿಟ್ಟುಕೊಳ್ಳುತ್ತೆ. ಮೇಲಿನ ಪದರಗಳ ನಡುವೆ ಸ್ವಲ್ಪ, ಕೆಳಗೆ ಹೋದಹಾಗೆ ಇನ್ನೂ ಅಗಲ, ಗೋಪುರದ ಹಾಗೆ. ಅಡಿಯ ಪದರ ಸೀಳಿಯೂ ಇರಬಹುದು, ಆದರೆ ಅದು ರೆಕ್ಕೆಯ ಒಳಮೈ.

ಪದರ ಬಿಟ್ಟರೆ ಏನು ನಷ್ಟ ಅಂತ ನನಗೆ ಅರ್ಥವಾಗಿದ್ದು ಇಸ್ಪೀಟು ಎಲೆಗಳಿಂದ. ಒಂದು ಕಟ್ಟು ಎಲೆಯನ್ನು ಎರಡು ತುದಿ ಹಿಡಿದು ಎಳೆಯಿರಿ. ಅಂಟಿಸಿದ್ದರೂ ಅಂಟಿಸದಿದ್ದರೂ ಬಲ ಸುಮಾರು ಒಂದೇ. ಈಗ ಎರಡು ತುದಿಯಿಂದ ಒತ್ತಿ. ಅಂಟಿಸಿದ ಕಟ್ಟು ಮರದ ತುಂಡಿನ ಹಾಗೆ ನಿಲ್ಲುತ್ತೆ. ಅಂಟಿಸದ ಕಟ್ಟಿನ ಒಂದೊಂದು ಎಲೆಯೂ ಬಿಲ್ಲಿನ ಹಾಗೆ ಬಾಗಿ ಹೊರಕ್ಕೆ ಬರುತ್ತೆ. ಒಳಪೆಟ್ಟಾದ ಕಡೆ ಹಲಗೆಯ ಕತೆ ಇದೇ. ಎಳೆತಕ್ಕೆ ಪರವಾಗಿಲ್ಲ, ಒತ್ತಡಕ್ಕೆ ಬಲ ಅರ್ಧದಷ್ಟು ಕೂಡ ಇಳಿದುಬಿಡಬಹುದು.

ವಿಮಾನ ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತೆ. ಆಗ ರೆಕ್ಕೆಯ ಕೆಳಮೈ ಎಳೆತದಲ್ಲಿರುತ್ತೆ, ಮೇಲ್ಮೈ ಒತ್ತಡದಲ್ಲಿರುತ್ತೆ. ಸ್ಪ್ಯಾನರ್ ಬೀಳೋದು ಎಲ್ಲಿಗೆ? ಮೇಲ್ಮೈಗೆ. ಆಲಿಕಲ್ಲು ಬೀಳೋದೂ, ಮೆಕ್ಯಾನಿಕ್ ಕಾಲಿಡೋದೂ ಮೇಲ್ಮೈಗೇ. ಇದನ್ನು ಕೇಳಿದಾಗ, ಬೇಕಂತಲೇ ಯಾರೋ ಹೀಗೆ ಮಾಡಿಟ್ಟಿದ್ದಾರೇನೋ ಅನ್ನಿಸಿತ್ತು ನನಗೆ.

ದಣಿವು ಬರೋದು ಇಲ್ಲಿ. ಪ್ರತಿ ಹಾರಾಟದಲ್ಲೂ ಬಿಟ್ಟ ಪದರ ಸ್ವಲ್ಪ ಉಬ್ಬುತ್ತೆ, ಇಳಿಯುತ್ತೆ. ಉಬ್ಬಿದಾಗಲೆಲ್ಲ ಗಾಯದ ಅಂಚಿನ ಅಂಟಿನ ಮೇಲೆ ಎಳೆತ. ಹಳೇ ನೋಟ್‌ಬುಕ್ಕಿನ ರಟ್ಟು ತೆರೆದು ಮುಚ್ಚಿ ಮಾಡಿದಂತೆ. ಲೋಹದಲ್ಲಿ ಬಿರುಕು ಇಷ್ಟಿಷ್ಟೇ ಬೆಳೆಯುತ್ತೆ, ಇಷ್ಟು ಗಂಟೆಗೊಮ್ಮೆ ನೋಡಿದರೆ ಸಿಗುತ್ತೆ ಅಂತ ಲೆಕ್ಕ ಹಾಕಬಹುದು. ಕಾಂಪೋಸಿಟ್‌ನ ಒಳಗಾಯ ಬಹಳ ಕಾಲ ಸುಮ್ಮನಿದ್ದು, ಒಮ್ಮೆ ಬೆಳೆಯೋಕೆ ಶುರುಮಾಡಿದರೆ ಬೇಗ ಬೆಳೆದುಬಿಡಬಹುದು. ಅದನ್ನು ನಂಬಿಕೊಂಡು ತಪಾಸಣೆಯ ದಿನ ಗೊತ್ತು ಮಾಡೋದು ಕಷ್ಟ. ಮೇಲಾಗಿ ಎಪಾಕ್ಸಿ ಗಾಳಿಯ ತೇವ ಹೀರುತ್ತೆ. ಬಿಸಿಲು, ಮಳೆಗಾಲ ಎರಡೂ ಜೋರಾಗಿರುವ ನಮ್ಮಂಥ ಕಡೆ ಒತ್ತಡ ತಡೆಯುವ ಶಕ್ತಿ ಇನ್ನೂ ಕುಗ್ಗುತ್ತೆ.

ಇಷ್ಟೆಲ್ಲ ಗೊತ್ತಿದ್ದೂ ಬೆಂಗಳೂರಿನವರು ಈ ವಸ್ತುವಿಗೇ ಕೈಹಾಕಿದರು. 1984ರಲ್ಲಿ ಲಘು ಯುದ್ಧವಿಮಾನಕ್ಕಾಗಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಹುಟ್ಟಿತು. ಎಲ್‌ಸಿಎ ಚಿಕ್ಕ ವಿಮಾನ, ಹಗುರಾಗದಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ರೆಕ್ಕೆ, ಬಾಲದ ರೆಕ್ಕೆ ಎಲ್ಲ ಕಾರ್ಬನ್ ಕಾಂಪೋಸಿಟ್. ಕೊನೆಗೆ ಒಡಲಿನ ತೂಕದಲ್ಲಿ ಸುಮಾರು 45 ಪ್ರತಿಶತ ಅದೇ ಆಯಿತು. ಎನ್‌ಎಎಲ್‌ನವರು ಆಟೋಕ್ಲೇವನ್ನು ತಾವೇ ವಿನ್ಯಾಸ ಮಾಡಿಕೊಂಡರು. 1993ರಲ್ಲಿ ಅವರದ್ದೇ ಎರಡು ಸೀಟಿನ, ಗಾಜಿನ ನಾರಿನ ಕಾಂಪೋಸಿಟ್ ವಿಮಾನ ಹಂಸ ಹಾರಿತ್ತು. ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರಿನ ರೆಕ್ಕೆಗಳೂ ಕಾಂಪೋಸಿಟ್‌ನವೇ. ಯಾವ ಪದರ ಯಾವ ದಿಕ್ಕಿಗೆ ಅಂತ ಲೆಕ್ಕ ಹಾಕೋಕೆ ಎಡಿಎದವರು ಆಟೋಲೇ ಅನ್ನೋ ಸಾಫ್ಟ್‌ವೇರ್ ಬರೆದರು, ಅದನ್ನು ಏರ್‌ಬಸ್‌ನವರೂ ಬಳಸಿದರು. ನಮ್ಮ ಕಸುಬಿನವರು ಸಾಮಾನ್ಯವಾಗಿ ಹೊರಗಿನವರಿಗೆ ಕೂಲಿಗೆ ಕೋಡ್ ಬರೀತೇವೆ, ನಮ್ಮದನ್ನೇ ಅವರು ಬಳಸಿದ ಈ ಒಂದು ಕತೆ ನನಗೆ ಬಹಳ ಇಷ್ಟ.

2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಎಲ್‌ಸಿಎಯನ್ನು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿಸಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಪೇಪರಿನ ಚಿತ್ರ ಕತ್ತರಿಸಿ ಗಣಿತದ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. ಆ ರೆಕ್ಕೆಯ ಮೇಲೆ ಸ್ಪ್ಯಾನರ್ ಬಿದ್ದರೆ ಗತಿಯೇನು ಅಂತ ಅವತ್ತು ಹೊಳೆದಿರಲಿಲ್ಲ.

ಒಳಪೆಟ್ಟಿಗೆ ವಿಮಾನದವರು ಕಂಡುಕೊಂಡ ಉಪಾಯ ನನಗೆ ಈಗಲೂ ವಿಚಿತ್ರ ಅನ್ನಿಸುತ್ತೆ. ಗಾಯ ಆಗದಂತೆ ತಡೆಯೋಕೆ ಆಗಲ್ಲ, ಆದ ಗಾಯವನ್ನೆಲ್ಲ ಹುಡುಕೋಕೂ ಆಗಲ್ಲ. ಹಾಗಾಗಿ ಗಾಯ ಇದ್ದೇ ಇದೆ ಅಂದುಕೊಂಡೇ ರೆಕ್ಕೆ ಕಟ್ಟೋದು. ಪರೀಕ್ಷೆಗಿಟ್ಟ ರೆಕ್ಕೆಗೆ ತಾವೇ ಅಲ್ಲಲ್ಲಿ ತೂಕ ಬಿಟ್ಟು ಹೊಡೆಯುತ್ತಾರೆ. ಆಮೇಲೆ ಇಡೀ ಆಯಸ್ಸಿನ ಹಾರಾಟದಷ್ಟು ಸಲ, ನಿಜಕ್ಕಿಂತ ಸ್ವಲ್ಪ ಹೆಚ್ಚಿನ ಭಾರದಲ್ಲೇ, ಬಗ್ಗಿಸಿ ಬಿಡುತ್ತಾರೆ. ಗಾಯ ಒಂದು ಚೂರೂ ಬೆಳೆಯಬಾರದು, ಕೊನೆಗೆ ಪೂರ್ತಿ ಭಾರ ಹಾಕಿದರೂ ಮುರಿಯಬಾರದು. ಇದನ್ನು ದಾಟೋಕೆ ರೆಕ್ಕೆಯನ್ನು ಬೇಕಾದ್ದಕ್ಕಿಂತ ದಪ್ಪ ಮಾಡಬೇಕು, ಅಂದರೆ ಹಗುರತನದಲ್ಲಿ ಒಂದು ಪಾಲು ಈ ಕಾಣದ ಗಾಯಕ್ಕೆ ಕಂದಾಯ.

ಅಮೆರಿಕದ ಎಫ್‌ಎಎ 2009ರಲ್ಲಿ ಪರಿಷ್ಕರಿಸಿದ ಸೂಚನೆಯಲ್ಲಿ ಪೆಟ್ಟುಗಳನ್ನು ಐದು ವರ್ಗ ಮಾಡಿದೆ. ಮೊದಲನೆಯದು ಈ ಒಳಪೆಟ್ಟು, ಇದ್ದರೂ ವಿಮಾನ ಆಯಸ್ಸು ಪೂರ್ತಿ ಬಾಳಬೇಕು. ನಡುವಿನವು ಬಿಡಿ. ಐದನೆಯದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಸಾಮಾನು ಸಾಗಿಸುವ ಗಾಡಿ ಬಂದು ವಿಮಾನಕ್ಕೆ ಗುದ್ದುವಂಥದ್ದು, ಯಾವ ವಿನ್ಯಾಸದ ಲೆಕ್ಕಕ್ಕೂ ಸಿಗದ್ದು. ಹೊರಗೆ ಏನೂ ಕಾಣದೆಯೂ ಇರಬಹುದು. ಅದಕ್ಕೆ ಸೂಚನೆ ಕೊಡುವ ಪರಿಹಾರ ಯಂತ್ರವಲ್ಲ. ಗುದ್ದಿದವನು ಕೂಡಲೇ ಬಂದು ಹೇಳಬೇಕು, ಅಷ್ಟೇ. ಅರ್ಧಕ್ಕಿಂತ ಹೆಚ್ಚು ತೂಕ ಕಾಂಪೋಸಿಟ್ ಇರುವ ವಿಮಾನಗಳು ಓಡಾಡುತ್ತಿರುವ ಈ ಕಾಲದಲ್ಲಿ ಕೊನೆಗೆ ನಿಂತಿರೋದು ರಾತ್ರಿ ಪಾಳಿಯ ಒಬ್ಬ ಗಾಡಿ ಡ್ರೈವರ್ "ಸಾರ್, ನನ್ನಿಂದ ಆಯ್ತು" ಅನ್ನುವ ಮಾತಿನ ಮೇಲೆ. ಅವನ ಕೆಲಸ ಹೋಗುತ್ತೆ ಅನ್ನೋ ಭಯ ಇದ್ದರೆ ಅವನು ಹೇಳೋದಿಲ್ಲ. ಆದ್ದರಿಂದಲೇ ಹೇಳಿದವನಿಗೆ ಶಿಕ್ಷೆ ಕೊಡಬಾರದು ಅಂತ ಈ ಕ್ಷೇತ್ರದವರು ಹೊಡೆದುಕೊಳ್ಳೋದು. ಇದೂ ಬಲದ ಲೆಕ್ಕವೇ ಅಂತ ನನ್ನ ಅಭಿಪ್ರಾಯ, ಕೇವಲ ದಯೆಯಲ್ಲ.

ಹೇಳಿದರೂ ಕೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಕೊಲಂಬಿಯಾ ಇದೆ. 2003ರ ಜನವರಿ 16ರಂದು ನೌಕೆ ಏರುವಾಗ ಇಂಧನ ಟ್ಯಾಂಕಿನ ಒಂದು ತುಂಡು ಫೋಮ್ ಕಳಚಿ ಎಡರೆಕ್ಕೆಯ ಅಂಚಿಗೆ ಬಡಿಯಿತು. ಅಂಚು ಕಾರ್ಬನ್-ಕಾರ್ಬನ್ ಅನ್ನೋ ಕಾಂಪೋಸಿಟ್. ಇದು ದಣಿವಿನ ಕತೆಯಲ್ಲ, ಒಂದೇ ಪೆಟ್ಟಿನದು. ಬಡಿದದ್ದು ವಿಡಿಯೋದಲ್ಲಿತ್ತು, ಗಾಯದ ಫೋಟೋ ತೆಗೆಸಿ ಅಂತ ಕೆಳಗಿನ ಇಂಜಿನಿಯರುಗಳು ಕೇಳಿದರು, ಮೇಲಿನವರು ತೆಗೆಸಲಿಲ್ಲ. ಫೋಮ್ ತಾನೇ, ಹತ್ತಿಯಂಥದ್ದು. ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಆ ಜುಲೈನಲ್ಲಿ ಅಷ್ಟೇ ಫೋಮನ್ನು ಅದೇ ಥರದ ಅಂಚಿಗೆ ಹೊಡೆದು ನೋಡಿದಾಗ ಮೊಳದುದ್ದದ ತೂತು ಬಿತ್ತು.

ಆ ತರಬೇತಿ ಮುಗಿದ ವಾರ ಊರಿಗೆ ಹೋಗಿದ್ದೆ. ನಡುಮನೆಯ ಮೊಳೆಯಲ್ಲಿ ಅಪ್ಪನ ಹೆಲ್ಮೆಟ್ ನೇತಾಡ್ತಿತ್ತು. ಹಾಸನಕ್ಕೆ ಓಡಾಡ್ತಾರೆ ಅಂತ ನಾನು ಪಿಯುಸಿಯಲ್ಲಿದ್ದಾಗ ತಂದಿದ್ದು, ಆಗ ಊರಲ್ಲಿ ಹೆಲ್ಮೆಟ್ ಹಾಕೋರನ್ನು ನೋಡಿ ನಗೋರು. ಗಾಜಿನ ನಾರಿನ ಚಿಪ್ಪು. ಅದೂ ಕಾಂಪೋಸಿಟ್ಟೇ. ಬಂದ ಹೊಸದರಲ್ಲೇ ಅದನ್ನು ಹಾಕಿಕೊಂಡು ತಾರಸಿ ಮೇಲೆ ಆಡೋಕೆ ಹೋಗಿ ಕೆಳಗಿನ ಚಪ್ಪಡಿ ಮೇಲೆ ಬೀಳಿಸಿದ್ದೆ. ಹೋಗಿ ಎತ್ತಿ ನೋಡಿದರೆ ಒಂದು ಗೀರು ಬಿಟ್ಟು ಏನೂ ಇಲ್ಲ. ಪಂಚೆಯಲ್ಲಿ ಒರೆಸಿ ಮೊಳೆಗೆ ಹಾಕಿದೆ, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬೆನ್ನ ಮೇಲೆ ಬೀಳ್ತಿತ್ತು. ಖಾಲಿ ಹೆಲ್ಮೆಟ್ ಬಿದ್ದರೆ ತಲೆಯ ಸಮೇತ ಬಿದ್ದಷ್ಟು ಹಾನಿಯಾಗಲ್ಲ ಅಂತ ಈಗ ಗೊತ್ತು. ಆದರೂ ಎಂಟು ವರ್ಷ ಅಪ್ಪ ಅದನ್ನೇ ಹಾಕಿಕೊಂಡು ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ಓಡಾಡಿದ್ದಾರೆ.

ಒಂದು ರೂಪಾಯಿ ತೆಗೆದು ಸುತ್ತಲೂ ತಟ್ಟುತ್ತಾ ಬಂದೆ. ಎಡಕಿವಿಯ ಮೇಲ್ಗಡೆ ದನಿ ಬೇರೆ ಇತ್ತು. ಮತ್ತೆ ತಟ್ಟಿದೆ, ಬೇರೆಯೇ.

"ಏನ್ಲಾ ಅದು, ತೆಂಗಿನಕಾಯಾ?" ಅಂದರು ಅಪ್ಪ.

ಕೂತು ಎಲ್ಲ ಹೇಳಿದೆ. ಹಲಗೆ, ಸ್ಪ್ಯಾನರ್, ತಾರಸಿ. ಅಪ್ಪ ಬೈಯಲಿಲ್ಲ. ಎಲೆಗೆ ಸುಣ್ಣ ಸವರುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ, ಸ್ಪ್ಯಾನರ್ ಬೀಳಿಸ್ದೋನಿಗೆ ಸಂಬಳ ಹಿಡೀತಾರಾ?" ಅಂದರು.

"ಹೇಳಿದ್ರೆ ಹಿಡಿಬಾರ್ದು ಅಂತಾರಪ್ಪ."

"ನಮ್ಮನೇಲಿ ಹಿಡೀತಿದ್ವಿ" ಅಂದರು.

ಮಾರನೇ ದಿನ ಚನ್ನರಾಯಪಟ್ಟಣಕ್ಕೆ ಹೋಗಿ ಹೊಸ ಹೆಲ್ಮೆಟ್ ತಂದೆವು. ಅಂಗಡಿಯವನು ಮೂರು ತೆಗೆದಿಟ್ಟ. ಅಪ್ಪ ಮೂರನ್ನೂ ಗೆಣ್ಣಿನಿಂದ ತಟ್ಟಿ ನೋಡಿದರು. ಹಳೆಯದು ಕೊಟ್ಟಿಗೆ ಸೇರಿದೆ. ಅಮ್ಮ ಅದಕ್ಕೆ ಹುಲ್ಲು ಹಾಕಿ ಮೂಲೆಯಲ್ಲಿಟ್ಟಿದ್ದಾಳೆ, ಕೋಳಿ ಕಾವಿಗೆ ಕೂತಿದೆ.